ಎಡಗೈಗೆ ಗೊತ್ತಾಗದ ಹಾಗೆ ಕೊಡುವುದು ಹೇಗೆ?

ದಾನದ ಬಗ್ಗೆ ಪ್ರಸಂಗ ಕೇಳಿದ ಮೇಲೆ ಕೆಲವರು ಇನ್ನು ಮುಂದೆ ಜಾಸ್ತಿ ಕೊಡಬೇಕು ಅಂದುಕೊಂಡು ಮನೆಗೆ ಹೋಗುತ್ತಾರೆ. ಇನ್ನು ಕೆಲವರ ತಲೆಯಲ್ಲಿ ಬೇರೆಯೇ ಯೋಚನೆ ಇರುತ್ತದೆ. "ಕೊಡುವುದೇನೋ ಕೊಡುತ್ತಿದ್ದೇನೆ. ಆದರೆ ಹೆಸರಿಗಾಗಿ ಕೊಡುತ್ತಿದ್ದೇನಾ? ಎರಡರಷ್ಟು ವಾಪಸ್ ಬರಲಿ ಅಂತ ಕೊಡುತ್ತಿದ್ದೇನಾ? ಮನಸ್ಸೇ ಸರಿ ಇಲ್ಲದ ಮೇಲೆ ಕೊಟ್ಟು ಏನು ಪ್ರಯೋಜನ?" ಈ ಲೇಖನ ಹೆಚ್ಚಾಗಿ ಇಂಥವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನಸ್ಸು ಪೂರ್ತಿ ಶುದ್ಧವಾಗಲಿ, ಆಮೇಲೆ ಕೊಡೋಣ ಅಂತ ಕಾದರೆ ಯಾರ ಕೈಯಿಂದಲೂ ಏನೂ ಹೊರಗೆ ಬರುವುದಿಲ್ಲ. ಹಸಿದವರು ನಿಮ್ಮ ಉದ್ದೇಶ ಹೇಗಿದೆ ಅಂತ ಕೇಳುತ್ತಾ ಕೂತಿರುವುದಿಲ್ಲ. ಮತ್ತಾಯ 6:1-4ರಲ್ಲಿ ಯೇಸು ದಾನದ ಬಗ್ಗೆ ಹೇಳುವುದನ್ನು ನಿಧಾನವಾಗಿ ಓದಿ ನೋಡಿ. ಜನ ನೋಡಲಿ ಅಂತ ಮಾಡಬೇಡಿ ಎಂಬ ಎಚ್ಚರಿಕೆ ಅಲ್ಲಿದೆ. ಅದಕ್ಕೆ ಪರಿಹಾರವಾಗಿ ಅವರು ಹೇಳುವುದು ಮಾತ್ರ ತುಂಬ ಸರಳ: ತುತೂರಿ ಊದಿಸಬೇಡ, ಬಲಗೈ ಕೊಡುವುದು ಎಡಗೈಗೆ ಗೊತ್ತಾಗದ ಹಾಗೆ ಗುಟ್ಟಾಗಿ ಕೊಡು. ಒಳಗೆ ಕೂತು ಮನಸ್ಸನ್ನು ಕೆದಕುತ್ತಾ ಇರು ಅನ್ನುವುದಿಲ್ಲ, ಕೊಡುವ ರೀತಿ ಬದಲಿಸು ಅನ್ನುತ್ತಾರೆ. ನನ್ನ ಪ್ರಕಾರ ಇಲ್ಲೇ ಇರುವುದು ದಾರಿ. ಮನಸ್ಸನ್ನು ನೇರವಾಗಿ ತಿದ್ದುವುದು ಕಷ್ಟ. ಕೊಡುವ ರೀತಿಯನ್ನು ಇವತ್ತೇ ತಿದ್ದಬಹುದು. ಮನಸ್ಸು ನಿಧಾನವಾಗಿ ಅದರ ಹಿಂದೆ ಬರುತ್ತದೆ.

1. ಕೊಡಬೇಕಾದ ಬಾಕಿ ಮೊದಲು ತೀರಿಸಿ

ದಾನಕ್ಕೆ ಕೈ ಹಾಕುವ ಮುಂಚೆ ಒಂದು ಹಾಳೆ ತೆಗೆದುಕೊಂಡು, ಯಾರ್ಯಾರಿಗೆ ಏನೇನು ಬಾಕಿ ಇದೆ ಅಂತ ಬರೆಯಿರಿ. ಕೈಸಾಲ, ಕೆಲಸದವರ ಕೂಲಿ, ಅಣ್ಣತಮ್ಮಂದಿರ ಜೊತೆ ಹಂಚಿಕೊಳ್ಳಬೇಕಾದ ಖರ್ಚು, ವಯಸ್ಸಾದ ಅಪ್ಪ ಅಮ್ಮನ ಔಷಧಿ. ಇವು ಯಾವುದೂ ದಾನವಲ್ಲ, ಬಾಕಿ. ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮುಂಚೆ ಕೊಡಬೇಕು ಅನ್ನುತ್ತದೆ ಧರ್ಮೋಪದೇಶಕಾಂಡ 24:15. ಹಿಡಿದಿಟ್ಟುಕೊಂಡ ಕೂಲಿಯೇ ಮೊರೆಯಿಡುತ್ತದೆ ಅನ್ನುತ್ತಾನೆ ಯಾಕೋಬ ತನ್ನ ಪತ್ರದಲ್ಲಿ.

ಯೇಸುವಿನ ಕಾಲದಲ್ಲಿ ಕೆಲವರು ಅಪ್ಪ ಅಮ್ಮನಿಗೆ ಸಲ್ಲಬೇಕಾದದ್ದನ್ನು "ಇದು ಕೊರ್ಬಾನ್, ದೇವರಿಗೆ ಮೀಸಲು" ಅಂತ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಮಾರ್ಕ 7ರಲ್ಲಿ ಯೇಸು ಇದನ್ನು ಖಂಡಿಸುತ್ತಾರೆ. ಮನೆಯವರಿಗೆ ಬಿಗಿಮುಷ್ಟಿ, ಸಭೆಯಲ್ಲಿ ಧಾರಾಳ ಕೈ. ಇಂಥವರು ಇವತ್ತಿಗೂ ಇದ್ದಾರೆ ಅಲ್ವಾ? ಹೊರಗೆ ಕೊಟ್ಟರೆ ಹೊಗಳಿಕೆ ಸಿಗುತ್ತದೆ, ಮನೆಯಲ್ಲಿ ಕೊಟ್ಟರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚಪ್ಪಾಳೆ ಇಲ್ಲದ ಕಡೆಯಿಂದಲೇ ಶುರು ಮಾಡಿ.

ಯೇಸುವನ್ನು ಮನೆಗೆ ಸೇರಿಸಿಕೊಂಡ ಸುಂಕದವ ಜಕ್ಕಾಯ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂದ. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಬೇರೆಯಾಗಿ ಹೇಳಿದ. ಎರಡೂ ಲೆಕ್ಕವನ್ನು ಅವನು ಬೆರೆಸಲಿಲ್ಲ.

2. ಎಷ್ಟು ಅಂತ ಮೊದಲೇ ತೀರ್ಮಾನ ಮಾಡಿ

ಯಾರಾದರೂ ಎದುರಿಗೆ ನಿಂತು ಕೇಳುವಾಗ ಎಷ್ಟು ಕೊಡಬೇಕು ಅಂತ ಯೋಚಿಸಿದರೆ ಮುಜುಗರ ಬರುತ್ತದೆ, ಪಕ್ಕದವರು ಎಷ್ಟು ಕೊಟ್ಟರು ಅನ್ನುವುದೂ ತಲೆಗೆ ಬರುತ್ತದೆ. ಆಗ ಕೊಟ್ಟದ್ದರಲ್ಲಿ ಅರ್ಧ ಮಾನ ಉಳಿಸಿಕೊಳ್ಳಲು ಕೊಟ್ಟದ್ದು. ಅದಕ್ಕೇ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಒಂದು ಸಣ್ಣ ವ್ಯವಸ್ಥೆ ಹೇಳಿಕೊಟ್ಟ. ವಾರದ ಮೊದಲನೆಯ ದಿನ ನಿಮ್ಮ ನಿಮ್ಮ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಿ, ನಾನು ಬಂದ ಮೇಲೆ ಹಣ ಎತ್ತುವುದು ಬೇಡ (1 ಕೊರಿಂಥ 16:2). ಅವನು ಎದುರಿಗಿದ್ದರೆ ಜನ ಅವನ ಮುಖ ನೋಡಿ ಕೊಡುತ್ತಾರೆ ಅನ್ನುವುದು ಅವನಿಗೆ ಗೊತ್ತಿದ್ದಿರಬೇಕು.

ನೀವೂ ಹಾಗೇ ಮಾಡಿ. ಸಂಬಳ ಬಂದ ದಿನವೇ ಒಂದು ಪಾಲು ಬೇರೆ ತೆಗೆದಿಡಿ. ಬೇರೆ ಖಾತೆ ಆಗಬಹುದು, ಸುಮ್ನೆ ಒಂದು ಕವರ್ ಆದರೂ ಆಗಬಹುದು. ಆ ಕ್ಷಣದಿಂದ ಆ ಹಣ ನಿಮ್ಮದಲ್ಲ. ಆಮೇಲೆ ಯಾರಾದರೂ ಕಷ್ಟ ಅಂತ ಬಂದಾಗ "ಕೊಡಲಾ ಬೇಡವಾ" ಅನ್ನುವ ಜಗ್ಗಾಟ ಇರುವುದಿಲ್ಲ, "ಇವರಿಗೆ ಏನು ಬೇಕು" ಅನ್ನುವುದಷ್ಟೇ ಉಳಿಯುತ್ತದೆ.

ಎಷ್ಟು ತೆಗೆದಿಡಬೇಕು? ಹಳೆ ಒಡಂಬಡಿಕೆಯ ದಶಮಾಂಶವನ್ನು ಅನೇಕ ಸಭೆಗಳು ಅಳತೆಯಾಗಿ ಇಟ್ಟುಕೊಂಡಿವೆ. ಶುರು ಮಾಡುವವರಿಗೆ ಅದು ಒಳ್ಳೆಯ ಗುರುತು. ಆದರೆ ಹತ್ತರಲ್ಲಿ ಒಂದು ಒಬ್ಬರಿಗೆ ಹೊಟ್ಟೆಗೆ ಕಟ್ಟಿದ ಬಟ್ಟೆ, ಇನ್ನೊಬ್ಬರಿಗೆ ಗೊತ್ತೇ ಆಗದ ಚಿಲ್ಲರೆ. ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಯೇಸು ಕೂತಿದ್ದಾಗ ಬಡ ವಿಧವೆ ಹಾಕಿದ್ದು ಎರಡು ಸಣ್ಣ ಕಾಸು. ಆಗಿನ ಲೆಕ್ಕದಲ್ಲಿ ಅದು ಒಂದು ದಿನದ ಕೂಲಿಯಾಗಿದ್ದ ದಿನಾರಿಯ 64ನೆಯ ಒಂದು ಪಾಲು. ಆದರೂ ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಅಂದರು ಯೇಸು. ಅವರು ನೋಡಿದ್ದು ಪೆಟ್ಟಿಗೆಗೆ ಬಿದ್ದದ್ದನ್ನಲ್ಲ, ಮನೆಗೆ ಉಳಿದದ್ದನ್ನು.

ಸಂಪಾದನೆ ಏರುತ್ತಾ ಹೋದಂತೆ ಏನು ಮಾಡಬೇಕು ಅನ್ನುವುದಕ್ಕೆ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ (1703-1791) ಒಂದು ಪ್ರಸಂಗದಲ್ಲಿ ಕೊಟ್ಟ ಲೆಕ್ಕ ನನಗೆ ತುಂಬ ಹಿಡಿಸಿದೆ. ಒಬ್ಬ ಯುವಕನಿಗೆ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಮೂರನೆಯ ವರ್ಷ 90 ಬಂದಾಗ 62, ನಾಲ್ಕನೆಯ ವರ್ಷ 120 ಬಂದಾಗ 92. ಆ ಯುವಕ ವೆಸ್ಲಿಯೇ ಅಂತ ಹಲವರು ನಂಬುತ್ತಾರೆ. ಮಕ್ಕಳುಮರಿ ಇರುವವರಿಗೆ ಇದು ಪೂರ್ತಿ ಆಗದ ಮಾತು, ಒಪ್ಪಿದೆ. ಆದರೆ ಕೇಳಬೇಕಾದ ಪ್ರಶ್ನೆ ಅದರಲ್ಲಿದೆ: ಕೈಗೆ ಬರುವುದು ಹೆಚ್ಚಾದಾಗ ಹೆಚ್ಚಾಗುವುದು ಖರ್ಚೋ, ಕೊಡುವುದೋ?

ಸಾಲ ಮಾಡಿ ಮಾತ್ರ ಕೊಡಬೇಡಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಇಲ್ಲದ್ದಕ್ಕೆ ಅನುಸಾರವಾಗಿ ಅಲ್ಲ, ಇರುವುದಕ್ಕೆ ಅನುಸಾರವಾಗಿ ಕೊಟ್ಟರೆ ಸಾಕು ಅಂತ 2 ಕೊರಿಂಥ 8:12 ಸ್ಪಷ್ಟವಾಗಿ ಹೇಳುತ್ತದೆ. ಹಣವೇ ಇಲ್ಲ ಅಂದರೂ ಕೈ ಇದೆ. ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು.

3. ಬಾಗಿಲ ಹೊರಗೆ ನಿಲ್ಲಿ

ಈ ಹೆಜ್ಜೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉದ್ದೇಶ ಕೆಡುವುದು ಹೆಚ್ಚಾಗಿ ಕೊಡುವ ಗಳಿಗೆಯಲ್ಲೇ.

ಧರ್ಮೋಪದೇಶಕಾಂಡ 24ರಲ್ಲಿ ಒಂದು ಚಿಕ್ಕ ನಿಯಮ ಇದೆ. ನೀನು ಯಾರಿಗಾದರೂ ಸಾಲ ಕೊಟ್ಟಾಗ, ಅಡವಿನ ವಸ್ತು ತೆಗೆದುಕೊಳ್ಳಲು ಅವನ ಮನೆಯೊಳಗೆ ನುಗ್ಗಬೇಡ. ಹೊರಗೆ ನಿಲ್ಲು. ಅವನೇ ಅದನ್ನು ಹೊರಗೆ ತಂದು ಕೊಡಲಿ. ಬಡವನಾದರೆ, ಅವನು ಅಡವಿಟ್ಟ ಹೊದಿಕೆಯನ್ನು ಹೊತ್ತು ಮುಳುಗುವಾಗ ವಾಪಸ್ ಕೊಡು, ರಾತ್ರಿ ಹೊದ್ದು ಮಲಗಲಿ. ಹಣ ಇರುವವನು ಬಡವನ ಹೊಸಿಲು ದಾಟುವ ಮುಂಚೆ ನಿಲ್ಲಬೇಕು. ಒಳಗೆ ಏನಿದೆ, ಏನಿಲ್ಲ ಅಂತ ಕಣ್ಣಾಡಿಸುವ ಹಕ್ಕು ಕೊಟ್ಟವನಿಗೆ ಇಲ್ಲ. ಸಾವಿರಾರು ವರ್ಷಗಳ ಹಿಂದಿನ ಕೃಷಿಕರ ಬದುಕಿಗೆ ಹುಟ್ಟಿದ ಈ ನಿಯಮ ಇವತ್ತಿಗೂ ಹೊಂದುತ್ತದೆ.

ಬೇತ್ಲೆಹೇಮಿನ ಹೊಲದೊಡೆಯ ಬೋವಜ ಇದನ್ನು ಇನ್ನೂ ನಯವಾಗಿ ಮಾಡಿದ. ಹೊಲದ ಅಂಚನ್ನು ಕೊಯ್ಯದೆ, ಉದುರಿದ ತೆನೆಯನ್ನು ಆರಿಸದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಅನ್ನುವುದು ಯಾಜಕಕಾಂಡ 19ರ ನಿಯಮ. ಆ ನಿಯಮದಂತೆ ಪರದೇಶದ ಬಡ ವಿಧವೆ ರೂತ ಅವನ ಹೊಲಕ್ಕೆ ಹಕ್ಕಲು ಆಯಲು ಬಂದಿದ್ದಳು. ಬೋವಜ ಅವಳನ್ನು ಕರೆದು ಒಂದು ಮೂಟೆ ಹೊರಿಸಿ ಕಳಿಸಬಹುದಿತ್ತು. ಅವನು ಆಳುಗಳಿಗೆ ಗುಟ್ಟಾಗಿ ಹೇಳಿದ: ಕಟ್ಟಿನಿಂದ ಕೆಲವು ತೆನೆ ಬೇಕೆಂದೇ ಎಳೆದು ಬೀಳಿಸಿ, ಅವಳು ಆರಿಸಿಕೊಳ್ಳಲಿ, ಅವಳನ್ನು ಗದರಿಸಬೇಡಿ. ಸಂಜೆಗೆ ಅವಳು ಬಡಿದು ತೆಗೆದಾಗ ಸುಮಾರು ಒಂದು ಏಫ ಜವೆಗೋದಿ ಆಯಿತು, ಅಂದರೆ ಸುಮಾರು 22 ಲೀಟರ್ ತುಂಬುವಷ್ಟು. ದುಡಿದು ತಂದೆ ಅಂತಲೇ ಅವಳು ಅತ್ತೆಯ ಮುಂದೆ ಇಟ್ಟಳು. ಹಂಗಿಗೆ ಬೀಳಿಸದೆ ಕೊಡುವುದು ಅಂದರೆ ಇದೇ.

ಹಾಗಾಗಿ ಕೊಡಲು ಹೋಗುವ ಮುಂಚೆ ಕೆಲವು ವಿಷಯ ಗಮನಿಸಿ. ಏನು ಬೇಕು ಅಂತ ಅವರನ್ನೇ ಕೇಳಿ. ನಿಮಗೆ ಬೇಡವಾದದ್ದು ಅವರಿಗೆ ಬೇಕಾಗಿರುತ್ತದೆ ಅಂದುಕೊಳ್ಳಬೇಡಿ. ಹರಿದ ಬಟ್ಟೆಯನ್ನು ಮನೆಯಿಂದ ಖಾಲಿ ಮಾಡಿ ಅದಕ್ಕೆ ದಾನ ಅಂತ ಹೆಸರಿಡುವುದು ಕಪಾಟು ತೊಳೆಯುವ ಕೆಲಸ, ಅಷ್ಟೇ. ಕೊಡುವಾಗ ಮಕ್ಕಳ ಎದುರಿಗೆ ಅಪ್ಪ ಅಮ್ಮನ ಕೈಗೆ ಹಣ ಇಡಬೇಡಿ. ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಹೋಗಬೇಡಿ. ಹೋದ ಕಡೆ ಉಪದೇಶ ಬೇಡ. "ಹೀಗೆ ಖರ್ಚು ಮಾಡಿದ್ರೆ ಹಿಂಗೇ ಆಗೋದು" ಅನ್ನುವ ಒಂದು ಮಾತು ಸಾಕು, ಕೊಟ್ಟದ್ದೆಲ್ಲ ಕಹಿಯಾಗಲು. ಪ್ರಾರ್ಥನೆ ಮಾಡಬೇಕು ಅನ್ನಿಸಿದರೆ ಅವರನ್ನು ಕೇಳಿ ಮಾಡಿ. ಬರೀ ಪ್ರಾರ್ಥನೆ ಮಾಡಿ ಎದ್ದು ಬರಬೇಡಿ. ಬಟ್ಟೆ ಇಲ್ಲದವರಿಗೆ "ಬೆಚ್ಚಗಿರಿ", ಊಟ ಇಲ್ಲದವರಿಗೆ "ತೃಪ್ತರಾಗಿರಿ" ಅಂತ ಹೇಳಿ ಕಳಿಸುವವರ ಬಗ್ಗೆ ಯಾಕೋಬ 2:15-16ರಲ್ಲಿ ಇರುವ ಪ್ರಶ್ನೆ ನೇರವಾಗಿದೆ: ಇದರಿಂದ ಪ್ರಯೋಜನವೇನು?

4. ಗುಟ್ಟು ಯಾರಿಂದ, ಎಲ್ಲಿಯವರೆಗೆ

ಈಗ ತುತೂರಿ ಯಾರೂ ಊದುವುದಿಲ್ಲ. ಫೋನ್ ಇದೆ. ಸಹಾಯ ಹಂಚುವ ಫೋಟೋಗಳನ್ನು ಒಮ್ಮೆ ಸರಿಯಾಗಿ ನೋಡಿ. ಕೊಡುವವರು ಕ್ಯಾಮೆರಾ ನೋಡುತ್ತಿರುತ್ತಾರೆ, ತೆಗೆದುಕೊಳ್ಳುವವರು ನೆಲ ನೋಡುತ್ತಿರುತ್ತಾರೆ. ಚೀಲವನ್ನು ಇಬ್ಬರೂ ಹಿಡಿದಿರುತ್ತಾರೆ. ಫೋಟೋ ಸರಿಯಾಗಿ ಬರುವ ತನಕ ಕೊಡುವವರು ಕೈ ಬಿಡುವುದಿಲ್ಲ. ಕೆಳಗೆ "ದೇವರಿಗೇ ಮಹಿಮೆ" ಅಂತ ಬರೆದಿರುತ್ತದೆ.

ಸೇವೆ ನಡೆಸುವವರು ದಾನಿಗಳಿಗೆ ವರದಿ ಕೊಡಬೇಕಾಗುತ್ತದೆ, ಅದು ಬೇರೆ ವಿಷಯ. ಅದಕ್ಕೆ ಲೆಕ್ಕ ಸಾಕು, ಸಾಮಾನಿನ ಫೋಟೋ ಸಾಕು, ಮುಖ ಬೇಕಿಲ್ಲ. ನೀವು ಸ್ವಂತಕ್ಕೆ ಕೊಡುತ್ತಿದ್ದರೆ ಫೋಟೋ ಬೇಡವೇ ಬೇಡ. ಯಾರಿಗೆ ಕೊಡಬೇಕೋ ಅವರಿಗೆ ನೇರವಾಗಿ ಕೊಟ್ಟರೆ ಮುಜುಗರವಾಗುತ್ತದೆ ಅನ್ನಿಸಿದರೆ ಸಭಾಪಾಲಕರ ಮೂಲಕವೋ ನಂಬಿಕೆಯ ಹಿರಿಯರ ಮೂಲಕವೋ ಹೆಸರು ಹೇಳದೆ ತಲುಪಿಸಿ. ಮಗುವಿನ ಫೀಸ್ ಆದರೆ ಶಾಲೆಗೇ ಕಟ್ಟಿಬಿಡಿ.

ತುತೂರಿಗೆ ಇನ್ನೂ ಸೂಕ್ಷ್ಮವಾದ ರೂಪಗಳಿವೆ. ಪ್ರಾರ್ಥನೆ ಕೂಟದಲ್ಲಿ "ಆ ಕುಟುಂಬಕ್ಕಾಗಿ ಪ್ರಾರ್ಥಿಸಿ, ನಮ್ಮ ಕೈಲಾದದ್ದು ಮಾಡಿದ್ದೇವೆ" ಅನ್ನುವುದು ಒಂದು. ಅವರ ಕಷ್ಟವೂ ಬಯಲಾಯಿತು, ನಿಮ್ಮ ದಾನವೂ ಬಯಲಾಯಿತು. "ನಾನು ಹೇಳಿಕೊಳ್ಳೋದಿಲ್ಲ, ಆದ್ರೆ..." ಅಂತ ಶುರುವಾಗುವ ಸಾಕ್ಷಿ ಇನ್ನೊಂದು.

ಆದರೆ ಜನರು ನಿಮ್ಮ ಒಳ್ಳೆಯ ಕೆಲಸಗಳನ್ನು ನೋಡಿ ತಂದೆಯನ್ನು ಕೊಂಡಾಡಲಿ ಅಂತ ಮತ್ತಾಯ 5:16ರಲ್ಲಿ ಯೇಸುವೇ ಹೇಳಿದ್ದಾರಲ್ಲ ಅಂತ ನೀವು ಕೇಳಬಹುದು. ನಾನು ಇಟ್ಟುಕೊಂಡಿರುವ ಅಳತೆ ಇದು: ತೋರಿಸಬೇಕು ಅಂತ ಆಸೆ ಆಗುವ ಕಡೆ ಮುಚ್ಚಿಡಿ, ಮುಚ್ಚಿಡಬೇಕು ಅಂತ ಹೆದರಿಕೆ ಆಗುವ ಕಡೆ ಕಾಣಲಿ ಬಿಡಿ. ಎಲ್ಲರೂ ದೂರ ಇಟ್ಟವರ ಪಕ್ಕ ಹೋಗಿ ಕೂರುವುದಕ್ಕೆ ಹೊಗಳಿಕೆ ಸಿಗುವುದಿಲ್ಲ, ಮಾತು ಬರುತ್ತದೆ. ಅದನ್ನು ಹಗಲಲ್ಲೇ ಮಾಡಿ.

ಇನ್ನೊಂದು ಮಾತು. ಗುಟ್ಟು ಅಂದರೆ ಗಂಡ ಹೆಂಡತಿಯಿಂದ, ಹೆಂಡತಿ ಗಂಡನಿಂದ ಮುಚ್ಚಿಡುವುದಲ್ಲ. ಮನೆಯ ಹಣ ಇಬ್ಬರದು. ಕೂತು ಮಾತಾಡಿ ತೀರ್ಮಾನ ಮಾಡಿ. ಇಬ್ಬರೂ ಸೇರಿ ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ ಅನ್ನಿ. ಮೊದಲ ಸಭೆಯಲ್ಲಿದ್ದ ಗಂಡ ಹೆಂಡತಿ ಅನನೀಯ, ಸಫೈರ ಇಬ್ಬರೂ ಒಪ್ಪಿಯೇ ಮಾಡಿದ್ದರು. ಅವರ ತಪ್ಪು ಹೊಲ ಮಾರಿದ ಹಣದಲ್ಲಿ ಸ್ವಲ್ಪ ಇಟ್ಟುಕೊಂಡದ್ದಲ್ಲ, ಕೊಟ್ಟದ್ದೇ ಪೂರ್ತಿ ಹಣ ಅಂತ ಸುಳ್ಳು ತೋರಿಸಿಕೊಂಡದ್ದು. ಮಾರುವ ಮುಂಚೆ ಅದು ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಅಂತ ಪೇತ್ರನೇ ಕೇಳುತ್ತಾನೆ. ಅರ್ಧ ಕೊಡುತ್ತೇವೆ ಅಂತ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅದೇ ಸಭೆಯ ಬಾರ್ನಬ ಹೊಲ ಮಾರಿ ಪೂರ್ತಿ ಹಣ ತಂದು ಇಟ್ಟಿದ್ದ. ಬಾರ್ನಬನ ಹೆಸರು ಬೇಕಿತ್ತು, ಬಾರ್ನಬನಷ್ಟು ಕೊಡುವುದು ಬೇಡವಾಗಿತ್ತು.

5. ಹತ್ತು ಜನರ ಹಣ ನಿಮ್ಮ ಕೈಯಲ್ಲಿದ್ದರೆ

ಸ್ವಂತ ದಾನಕ್ಕೆ ಗುಟ್ಟು, ಬೇರೆಯವರ ಹಣಕ್ಕೆ ಲೆಕ್ಕ. ಇದನ್ನು ಅದಲುಬದಲು ಮಾಡಬೇಡಿ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲ ತನ್ನ ಮೇಲೆ ಯಾರೂ ಬೆರಳು ತೋರಿಸದಿರಲಿ ಅಂತ ಎಚ್ಚರ ವಹಿಸಿದ. ಸಭೆಗಳೇ ಆರಿಸಿದ ಒಬ್ಬ ಸಹೋದರ ಜೊತೆಗೆ ಹೋಗುವಂತೆ ಏರ್ಪಾಟಾಯಿತು (2 ಕೊರಿಂಥ 8:19-21). "ನಾನು ದೇವರಿಗೆ ಮಾತ್ರ ಲೆಕ್ಕ ಕೊಡುತ್ತೇನೆ" ಅನ್ನುವ ಮಾತು ಅಪೊಸ್ತಲನ ಬಾಯಲ್ಲೇ ಬರಲಿಲ್ಲ. ಬ್ರಿಸ್ಟಲ್‌ನಲ್ಲಿ 1836ರಲ್ಲಿ ಅನಾಥಾಲಯ ಶುರು ಮಾಡಿದ ಜಾರ್ಜ್ ಮ್ಯುಲ್ಲರ್ ವರ್ಷ ವರ್ಷ ಲೆಕ್ಕ ಅಚ್ಚು ಹಾಕಿಸುತ್ತಿದ್ದರು, ಕೊಟ್ಟವರ ಹೆಸರನ್ನು ಮಾತ್ರ ಹಾಕುತ್ತಿರಲಿಲ್ಲ. ಇಬ್ಬರು ಸೇರಿ ಎಣಿಸಿ, ಇಬ್ಬರೂ ಸಹಿ ಹಾಕಿ, ರಸೀದಿ ಇಡಿ.

6. ಕೊಟ್ಟ ಮೇಲೆ ನಿಮ್ಮನ್ನು ನೀವು ಗಮನಿಸಿ

ಮನಸ್ಸಿನ ಪರೀಕ್ಷೆ ಬೇಕೇ ಬೇಕು ಅನ್ನುವವರಿಗೆ ಅದರ ಸಮಯ ಇದು. ಕೊಡುವ ಮುಂಚೆ ಎಲ್ಲರ ಉದ್ದೇಶವೂ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ತಿಂಗಳಾದ ಮೇಲೆ ಗೊತ್ತಾಗುತ್ತದೆ.

ಅವರು ಥ್ಯಾಂಕ್ಸ್ ಹೇಳಲಿಲ್ಲ ಅನ್ನಿ. ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸಿ ಹೋದರು ಅನ್ನಿ. ಒಳಗೆ ಚುರ್ ಅನ್ನುತ್ತದೆ. ಅದು ಸಹಜ. ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗಿ ಒಬ್ಬನೇ ವಾಪಸ್ ಬಂದಾಗ ಯೇಸುವೂ "ಒಂಬತ್ತು ಮಂದಿ ಎಲ್ಲಿ" ಅಂತ ಕೇಳಿದರು. ಆದರೆ ಆ ಒಂಬತ್ತು ಜನರ ಚರ್ಮ ಮತ್ತೆ ಹಾಳಾಗಲಿಲ್ಲ. ಬೇಜಾರಾಗುವುದು ಬೇರೆ, ಕೊಟ್ಟದ್ದನ್ನು ಮನಸ್ಸಲ್ಲೇ ವಾಪಸ್ ಕಿತ್ತುಕೊಳ್ಳುವುದು ಬೇರೆ. ಮುಖ ತಿರುಗಿಸಿದವರಿಗೆ ನಾಚಿಕೆ ಇರಬಹುದು ಅನ್ನುವುದನ್ನೂ ಯೋಚಿಸಿ. ನಿಮ್ಮನ್ನು ನೋಡಿದಾಗಲೆಲ್ಲ ತಮ್ಮ ಕೆಟ್ಟ ದಿನ ಅವರಿಗೆ ನೆನಪಾಗುತ್ತಿರುತ್ತದೆ. ನೀವೇ ಮೊದಲು ಬೇರೆ ಏನಾದರೂ ಮಾತಾಡಿಸಿ, ಹಣದ ಸುದ್ದಿ ಬಿಟ್ಟು.

ನಿಮ್ಮ ಕೆಲಸದ ಹೆಸರು ಬೇರೆಯವರಿಗೆ ಹೋದಾಗ? ವೇದಿಕೆಯ ಮೇಲೆ ಇನ್ನೊಬ್ಬರನ್ನು ಕರೆದು ಧನ್ಯವಾದ ಹೇಳುತ್ತಿದ್ದಾರೆ, ನೀವು ಕೆಳಗೆ ಕೂತಿದ್ದೀರಿ. ಈ ಹೊಟ್ಟೆಕಿಚ್ಚಿನಷ್ಟು ಪ್ರಾಮಾಣಿಕವಾಗಿ ನಿಮ್ಮ ಉದ್ದೇಶವನ್ನು ಬೇರೆ ಯಾವುದೂ ಹೇಳುವುದಿಲ್ಲ. ಅದನ್ನು ಇಲ್ಲ ಅನ್ನಬೇಡಿ. ಪ್ರಾರ್ಥನೆಯಲ್ಲಿ ಹಾಗೇ ಹೇಳಿಬಿಡಿ: "ನನಗೆ ಹೆಸರು ಬೇಕಿತ್ತು, ಸಿಗಲಿಲ್ಲ, ಸಿಟ್ಟು ಬಂದಿದೆ." ಆಮೇಲೆ ಅದೇ ಕೆಲಸಕ್ಕೆ ಇನ್ನೊಮ್ಮೆ ಕೊಡಿ, ಈ ಸಲ ಇನ್ನೂ ಗುಟ್ಟಾಗಿ. ಈ ಒಂದು ಅಭ್ಯಾಸ ಹತ್ತು ಪ್ರಸಂಗಕ್ಕೆ ಸಮ ಅನ್ನುವುದು ನನ್ನ ನಂಬಿಕೆ.

ಇನ್ನು ಜಗಳ ಆದಾಗ ಎತ್ತಿ ಆಡುವುದು. "ಅವತ್ತು ನಾನಿಲ್ಲದಿದ್ರೆ ನಿನ್ನ ಗತಿ ಏನಾಗ್ತಿತ್ತು?" ಇದು ಬಾಯಿಗೆ ಬಂದ ದಿನ ದಾನ ಸಾಲವಾಗಿ ಬದಲಾಗುತ್ತದೆ, ಅದೂ ತೀರಿಸಲಾಗದ ಸಾಲ. ಕೊಟ್ಟದ್ದರ ಪಟ್ಟಿ ಮನೆಯಲ್ಲಿ ಇಟ್ಟಿದ್ದರೆ, ತೆರಿಗೆ ಲೆಕ್ಕಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹರಿದು ಹಾಕಿ.

7. ಬೇಡ ಅನ್ನುವುದು, ತೆಗೆದುಕೊಳ್ಳುವುದು

ಕೇಳಿದವರಿಗೆಲ್ಲ ಕೊಡುವುದೇ ಪ್ರೀತಿ ಅಲ್ಲ. ಕುಡಿತಕ್ಕೆ ಹೋಗುತ್ತದೆ ಅಂತ ಗೊತ್ತಿದ್ದರೆ ಹಣದ ಬದಲು ಊಟ ಕೊಡಿ. ದುಡಿಯಲು ಆಗುವವರು ದುಡಿಯಲು ಮನಸ್ಸೇ ಮಾಡದಿದ್ದರೆ ಊಟವನ್ನೂ ಮಾಡಬಾರದು ಅನ್ನುತ್ತದೆ 2 ಥೆಸಲೋನಿಕ 3:10. ಆದರೆ ಆ ವಚನವನ್ನು ಕೆಲಸ ಸಿಗದವರ ಮೇಲೆ, ಕಾಯಿಲೆಯವರ ಮೇಲೆ ಎಸೆಯಬೇಡಿ. ಪ್ರತಿ ತಿಂಗಳು ಕೊಡುತ್ತಿದ್ದ ಸಹಾಯ ನಿಲ್ಲಿಸಬೇಕಾಗಿ ಬಂದರೆ ಎರಡು ಮೂರು ತಿಂಗಳು ಮುಂಚೆಯೇ ಹೇಳಿ. ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ.

ಕೊಡುವುದರಲ್ಲಿ ಮುಂದೆ ಇರುವ ಹಲವರಿಗೆ ತೆಗೆದುಕೊಳ್ಳುವುದು ಬರುವುದಿಲ್ಲ. ಕಾಯಿಲೆ ಬಿದ್ದಾಗ ಯಾರಾದರೂ ಊಟ ತಂದರೆ "ಯಾಕೆ ತೊಂದರೆ" ಅಂತ ವಾಪಸ್ ಕಳಿಸುತ್ತಾರೆ, ಇಲ್ಲ ಮರುದಿನವೇ ಅದಕ್ಕೆ ಸಮನಾದದ್ದನ್ನು ಕಳಿಸಿ ಲೆಕ್ಕ ಚುಕ್ತಾ ಮಾಡುತ್ತಾರೆ. ಯೇಸುವನ್ನೂ ಶಿಷ್ಯರನ್ನೂ ತಮ್ಮ ಹಣದಿಂದ ನೋಡಿಕೊಂಡ ಹೆಂಗಸರ ಹೆಸರು ಲೂಕ 8:3ರಲ್ಲಿದೆ. ಹೆರೋದನ ಮೇಲ್ವಿಚಾರಕನಾಗಿದ್ದ ಕೂಜನ ಹೆಂಡತಿ ಯೋಹಾನ, ಸುಸನ್ನ, ಇನ್ನೂ ಅನೇಕರು. ಯೇಸು ಬೇಡ ಅನ್ನಲಿಲ್ಲ. ಪೌಲ ಸೆರೆಯಲ್ಲಿದ್ದಾಗ ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದನ್ನು ತೆಗೆದುಕೊಂಡು, ನನಗೆ ಬೇಕಾದದ್ದೆಲ್ಲ ಸಿಕ್ಕಿದೆ ಅಂತ ಸಂತೋಷದಿಂದ ಪತ್ರ ಬರೆದ. ಮುಂದಿನ ಸಲ ನಿಮ್ಮ ಬಾಗಿಲಿಗೆ ಯಾರಾದರೂ ಡಬ್ಬಿ ಹಿಡಿದು ಬಂದರೆ ತೆಗೆದುಕೊಳ್ಳಿ. ಡಬ್ಬಿ ತೊಳೆದು ಖಾಲಿಯೇ ವಾಪಸ್ ಕೊಟ್ಟರೂ ಪರವಾಗಿಲ್ಲ.